ಹರ್ಮನ್ ಮೋಗ್ಲಿಂಗರ ಮಾರ್ಗ

ಬೆಂಗಳೂರಿನ ಪಶ್ಚಿಮಕ್ಕಿರುವ ನಂದಿನಿ ಲೇಔಟಿನಂತಹ ಬಡಾವಣೆಗಳಲ್ಲಿ ಬೆಳಗಾಗುತ್ತಲೇ ಕನ್ನಡ ಪತ್ರಿಕೆಯು ಗೃಹಸ್ಥರ ಬಾಗಿಲಿಗೆ ಬಂದು ಬೀಳುವುದು. ಕನ್ನಡದಲ್ಲಿ ಮೊದಲು ಇಂತಹ ಪತ್ರಿಕೆಯನ್ನು ಹೊರಡಿಸಿದವರು ಜರ್ಮನಿಯ ಒಬ್ಬ ಪಾದ್ರಿಗಳೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅವರು ಈ ಮಾರ್ಗವನ್ನು ಏಕೆ ಹಿಡಿದರೆಂಬುದು ವಿಚಾರಾರ್ಹವಾಗಿದೆ.

ಹರ್ಮನ್ ಮೋಗ್ಲಿಂಗರು 1811ರಲ್ಲಿ ವುರ್ಟೆಂಬರ್ಗ್ ಪ್ರಾಂತದಲ್ಲಿ ಜನಿಸಿ, ಟ್ಯೂಬಿಂಗೆನ್ನಿನಲ್ಲಿ ಮತಶಾಸ್ತ್ರವನ್ನು ವ್ಯಾಸಂಗ ಮಾಡಿ, 1836ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಮಂಗಳೂರಿಗೆ ಬಂದರು. ಪೇಟೆಬೀದಿಯಲ್ಲಿಯೂ ಜಾತ್ರೆಗಳಲ್ಲಿಯೂ ನಿಂತು ಬೋಧಿಸುವುದು ಆ ಕಾಲದ ಪಾದ್ರಿಗಳ ರೂಢಿಯಾಗಿತ್ತು. ಆದರೆ ಜನರು ಕೇಳಲಪೇಕ್ಷಿಸದ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೇನು? ಜನರಿಗೆ ಬೇಕಾದುದು ವರ್ತಮಾನ. ಅದಾದರೋ ಬಾಯಿಂದ ಬಾಯಿಗೆ ಹೋಗುತ್ತ ದಿನಕ್ಕೊಂದು ಬಣ್ಣ ತಾಳುತ್ತಿತ್ತು. ಇದನ್ನು ಕಂಡ ಮೋಗ್ಲಿಂಗರು 1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಪಕ್ಷಕ್ಕೊಮ್ಮೆ ನಾಲ್ಕು ಪುಟ; ಕಲ್ಲಚ್ಚಿನ ಮುದ್ರಣ; ಅಲ್ಪ ಬೆಲೆ. ಊರಿನ ಸುದ್ದಿ, ಸರಕಾರದ ನಿರೂಪಗಳು, ಪರದೇಶಗಳ ವೃತ್ತಾಂತ, ಗಾದೆ, ಕಥೆ, ಹಾಡು ಇವೆಲ್ಲವೂ ಅದರಲ್ಲಿದ್ದವು. ತುಳು ಕೊಂಕಣಿಗಳೇ ಮನೆಮಾತಾಗಿದ್ದ ಆ ಪಟ್ಟಣದಲ್ಲಿ ಓದುಬರಹದ ಭಾಷೆಯಾದ ಕನ್ನಡವನ್ನು ಆರಿಸಿಕೊಂಡುದೂ ವಿವೇಕದ ಕಾರ್ಯವೇ. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ, ಮೊಳೆಯಚ್ಚಿನಲ್ಲಿ 'ಕನ್ನಡ ಸಮಾಚಾರ'ವಾಯಿತು, ಬಹುಕಾಲ ಬಾಳಲಿಲ್ಲ.

ಅವರ ಮುಖ್ಯೋದ್ದೇಶವು ಮತಾಂತರವೇ ಆಗಿದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯರು ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಕ್ಷೋಭೆಯೇ ಉಂಟಾಯಿತು. ಆದರೂ ನಾವು ಅವರನ್ನು ಗೌರವಿಸುವುದಕ್ಕೆ ಬೇರೆ ಕಾರಣವುಂಟು. ಪರರಿಗೆ ಹೇಳಹೊರಟವರು ಮೊದಲು ಅವರ ಮಾತಿಗೆ ಕಿವಿಗೊಡಬೇಕೆಂಬುದನ್ನು ಇವರು ಅರಿತರು. ಗಾದೆಗಳನ್ನು ಕೂಡಿಹಾಕಿದರು, ಓಲೆಗರಿಗಳನ್ನು ಶೋಧಿಸಿದರು. ಮದ್ರಾಸಿನ ನಿವೃತ್ತ ಅಧಿಕಾರಿ ಕಸಮೇಜರ್ ಎಂಬವರ ದ್ರವ್ಯಸಹಾಯದಿಂದ 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚುಮಾಡಿಸಿದರು. ಪಾದ್ರಿಯೊಬ್ಬರು ಶಿವಶರಣರ ಪುರಾಣವನ್ನೂ ಹರಿದಾಸರ ಕೀರ್ತನೆಗಳನ್ನೂ ಪ್ರಕಟಿಸಿದುದು ಸೋಜಿಗವೇ ಸರಿ! ನಮ್ಮ ಪಂಡಿತರು ಆಗ ಏನು ಮಾಡುತ್ತಿದ್ದರೆಂದು ಕೇಳದಿರುವುದೇ ಲೇಸು.

1853ರಲ್ಲಿ ಕೊಡಗಿಗೆ ಹೋಗಿ ಕೆಲವು ವರ್ಷ ಸೇವೆ ಸಲ್ಲಿಸಿದರು. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ನೀಡಿ ಸನ್ಮಾನಿಸಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಮೋಗ್ಲಿಂಗರು ಕನ್ನಡ ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ಅಲ್ಲಿಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. 1881ರ ಮೇ 10ರಂದು ಅವರು ನಿಧನ ಹೊಂದಿದರು.