ಮೂರು ಮಾರ್ಕ್ಸ್ ಮತ್ತು ಒಂದು ಚಿಪ್

ಮೂರೇ ಮಾರ್ಕ್ಸ್‌ಗೆ ಸೀಟು ತಪ್ಪಿದ್ರೆ ಎಷ್ಟು ಬೇಜಾರಾಗುತ್ತೆ ಅಲ್ವಾ? ಜ್ಯಾಕ್ ಕಿಲ್ಬಿಗೆ ಎಂಐಟಿ ತಪ್ಪಿದ್ದೂ ಹಾಗೇ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಓದಿದರು. 1958ರಲ್ಲಿ ಡಲ್ಲಾಸ್‌ನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸೇರಿದರು. ಜುಲೈನಲ್ಲಿ ಬಹುತೇಕ ಎಲ್ಲರೂ ರಜೆ ಹೋದರು. ಹೊಸಬರಾದ ಕಿಲ್ಬಿಗೆ ರಜೆ ಇಲ್ಲ.

ಸಾವಿರಾರು ಬಿಡಿಭಾಗಗಳನ್ನು ಒಂದೊಂದಾಗಿ ಸಾಲ್ಡರ್ ಮಾಡೋದೇ ಆಗಿನ ದೊಡ್ಡ ತಲೆನೋವು. ಖಾಲಿ ಲ್ಯಾಬಿನಲ್ಲಿ ಅವರಿಗೊಂದು ಉಪಾಯ ಹೊಳೆಯಿತು: ಟ್ರಾನ್ಸಿಸ್ಟರ್, ರೆಸಿಸ್ಟರ್, ಕೆಪಾಸಿಟರ್ ಎಲ್ಲವನ್ನೂ ಒಂದೇ ಸೆಮಿಕಂಡಕ್ಟರ್ ತುಂಡಿನಲ್ಲೇ ಮಾಡಿದರೆ? ಸೆಪ್ಟೆಂಬರ್ 12ರಂದು ಪುಟ್ಟ ಜರ್ಮೇನಿಯಂ ಚೂರಿನ ಸರ್ಕ್ಯೂಟ್ ಆಸಿಲೋಸ್ಕೋಪ್ ಪರದೆ ಮೇಲೆ ಸೈನ್ ವೇವ್ ತೋರಿಸಿತು.

ಭಾಗಗಳ ನಡುವೆ ಮಾತ್ರ ತಂತಿ ಉಳಿದಿತ್ತು. ಅದನ್ನೂ ಚಿಪ್ ಮೇಲೇ ಮೂಡಿಸುವ ದಾರಿಯನ್ನು ಮರುವರ್ಷ ರಾಬರ್ಟ್ ನಾಯ್ಸ್ ತೋರಿಸಿದರು.

2000ದಲ್ಲಿ ಕಿಲ್ಬಿಗೆ ನೊಬೆಲ್ ಬಂತು. ನಾಯ್ಸ್ ತೀರಿಕೊಂಡು ಹತ್ತು ವರ್ಷವಾಗಿತ್ತು. 2005ರಲ್ಲಿ ಕಿಲ್ಬಿಯೂ ಹೋದರು. ಆ ಮೂರು ಮಾರ್ಕ್ಸ್ ಈಗ ಯಾರಿಗೆ ಬೇಕು ಹೇಳಿ?