ಕೆಂಪು ಮಣ್ಣಿನಿಂದ ಹೆಲ್ಸಿಂಕಿಯ ಮ್ಯಾಟಿಗೆ: ಪೈಲ್ವಾನ ಖಾಶಾಬಾ ಜಾಧವ್

ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು ಯಾರು? ಕ್ವಿಜ್‌ನಲ್ಲಿ ಈ ಪ್ರಶ್ನೆ ಬಂದರೆ ನಮ್ಮಲ್ಲಿ ಸುಮಾರು ಜನ ಲಿಯಾಂಡರ್ ಪೇಸ್ ಅಂದುಬಿಡ್ತೀವಿ. ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದದ್ದು 1996ರಲ್ಲಿ. ಅದಕ್ಕೂ 44 ವರ್ಷ ಮೊದಲೇ, 1952ರಲ್ಲಿ, ನಮ್ಮ ಪಕ್ಕದ ಸೀಮೆಯ ಒಬ್ಬ ಪೈಲ್ವಾನರು ಕುಸ್ತಿಯಲ್ಲಿ ಕಂಚು ತಂದಿದ್ದರು. ಅವರೇ ಖಾಶಾಬಾ ದಾದಾಸಾಹೇಬ್ ಜಾಧವ್.

ಪಕ್ಕದ ಸೀಮೆ ಅಂದದ್ದು ಸುಮ್ಮನೆ ಅಲ್ಲ. ಕೊಣ್ಣೂರ ಹತ್ತಿರದ ಗೋಕಾಕ ರೋಡ್ ಸ್ಟೇಷನ್‌ನಲ್ಲಿ ರೈಲು ಹತ್ತಿ ಮಿರಜ್, ಸಾಂಗ್ಲಿ ದಾಟಿ ಪುಣೆ ಕಡೆ ಹೋದರೆ ದಾರಿಯಲ್ಲೇ ಕರಾಡ ಸಿಗುತ್ತದೆ. ಅದರ ಪಕ್ಕದ ಗೋಳೇಶ್ವರ ಅವರ ಊರು. ಭಾಷೆ ಮರಾಠಿ, ಆದರೆ ಕುಸ್ತಿಯ ಲೆಕ್ಕದಲ್ಲಿ ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿ, ಸಾತಾರಾ ಎಲ್ಲ ಒಂದೇ ಸೀಮೆ. ಜಾತ್ರೆ ಬಂತೆಂದರೆ ಹಲಗೆ ಬಾರಿಸಿ ಕಣ ತುಂಬುವುದು, ಆ ಕಡೆಯ ಪೈಲ್ವಾನರು ಈ ಕಡೆ ಬರುವುದು, ಈ ಕಡೆಯವರು ಆ ಕಡೆ ಹೋಗುವುದು ನಮಗೇನೂ ಹೊಸದಲ್ಲ. ಇನ್ನೊಂದು ಮಾತು: 1952ರಲ್ಲಿ ನಮ್ಮ ಗೋಕಾಕ, ಹುಕ್ಕೇರಿ ಕೂಡ ಅವರ ಊರಿನಂತೆಯೇ ಮುಂಬೈ ರಾಜ್ಯದಲ್ಲಿದ್ದವು.

ಖಾಶಾಬಾ ಹುಟ್ಟಿದ್ದು 1926ರ ಜನವರಿ 15ರಂದು. ಅಪ್ಪ ದಾದಾಸಾಹೇಬರೂ ಪೈಲ್ವಾನರೇ. ಐವರು ಗಂಡುಮಕ್ಕಳಲ್ಲಿ ಇವರು ಕಿರಿಯರು. ಐದು ವರ್ಷದವರಿದ್ದಾಗಲೇ ಅಪ್ಪ ಇವರನ್ನು ಮಣ್ಣಿಗೆ ಇಳಿಸಿದರು. ಕರಾಡದ ತಿಲಕ್ ಹೈಸ್ಕೂಲಿನಲ್ಲಿ ಓದುವ ಹೊತ್ತಿಗೆ ಕ್ವಿಟ್ ಇಂಡಿಯಾ ಚಳವಳಿ ಬಂತು. ಭೂಗತರಾಗಿದ್ದ ಹೋರಾಟಗಾರರಿಗೆ ಅಡಗಿಕೊಳ್ಳಲು ಜಾಗ ಕೊಡುವ ಕೆಲಸದಲ್ಲಿ ಈ ಹುಡುಗನೂ ಇದ್ದ. ಮುಂದೆ ಕೊಲ್ಹಾಪುರದ ರಾಜಾರಾಮ್ ಕಾಲೇಜು ಸೇರಿದರು. ಬಾಬುರಾವ್ ಬಲವಡೆ ಮತ್ತು ಬೆಲಾಪುರಿ ಗುರೂಜಿ ಅವರ ಕೈಯಲ್ಲಿ ಪಳಗಿದರು. ಆಳು ದೊಡ್ಡದಲ್ಲ, ತೂಕವೂ ಕಡಿಮೆ. ಆದರೆ ಎದುರಾಳಿಯ ಹಿಡಿತದಿಂದ ಜಾರಿಕೊಳ್ಳುವುದರಲ್ಲಿ, ಢಾಕ್ ಎಂಬ ಪಟ್ಟು ಹಾಕಿ ಎತ್ತಿ ಒಗೆಯುವುದರಲ್ಲಿ ಎತ್ತಿದ ಕೈ.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋಗುವ ಖರ್ಚನ್ನು ಕೊಲ್ಹಾಪುರದ ಮಹಾರಾಜರು ಕೊಟ್ಟರು. ಅಲ್ಲಿ ಹೋಗಿ ನೋಡಿದರೆ ಆಟವೇ ಬೇರೆ. ನಮ್ಮ ಗರಡಿಯಲ್ಲಿ ಎಣ್ಣೆ, ಮಜ್ಜಿಗೆ, ಅರಿಶಿಣ ಕೂಡಿಸಿ ಹದ ಮಾಡಿದ ಮಣ್ಣು ಇರುತ್ತದೆ. ಕಾಲು ಊರಿದರೆ ಮಣ್ಣು ಹಿಡಿದುಕೊಳ್ಳುತ್ತದೆ, ಮೈಗೆ ಮಣ್ಣು ಹಚ್ಚಿದರೆ ಕೈ ಜಾರುವುದಿಲ್ಲ. ಎದುರಿನವನನ್ನು ಚಿತ್ ಮಾಡಿದರೆ ಗೆಲುವು, ಅಲ್ಲಿಗೆ ಮುಗಿಯಿತು. ಒಲಿಂಪಿಕ್ಸ್‌ನಲ್ಲಿ ಕಾಲಡಿ ಮ್ಯಾಟು, ಬೆವರು ಹತ್ತಿದ ಮೈ, ಕೈಯಲ್ಲಿ ಗಡಿಯಾರ ಹಿಡಿದ ಜನ. ಚಿತ್ ಆಗದಿದ್ದರೆ ತೀರ್ಪುಗಾರರು ಗೆದ್ದವರನ್ನು ಹೇಳುತ್ತಾರೆ. ಅಂಕದ ಪದ್ಧತಿಯಂತೂ ನಮ್ಮ ಎಂಟ್ರೆನ್ಸ್ ಪರೀಕ್ಷೆಯ ನೆಗೆಟಿವ್ ಮಾರ್ಕಿಂಗ್ ಇದ್ದ ಹಾಗೆ. ಚಿತ್ ಮಾಡಿ ಗೆದ್ದರೆ ಸೊನ್ನೆ, ತೀರ್ಪಿನ ಮೇಲೆ ಗೆದ್ದರೂ ಒಂದು ಕೆಟ್ಟ ಅಂಕ, ಸೋತರೆ ಇನ್ನೂ ಜಾಸ್ತಿ. ಐದು ಕೂಡಿದರೆ ಮನೆಗೆ.

ಈ ಹೊಸ ನಿಯಮಗಳನ್ನು ಅಮೆರಿಕದ ಕುಸ್ತಿಪಟು ರೀಸ್ ಗಾರ್ಡ್ನರ್ ಅವರಿಂದ ಅವಸರದಲ್ಲಿ ಕಲಿತರು. ಆಸ್ಟ್ರೇಲಿಯಾದ ಬರ್ಟ್ ಹ್ಯಾರಿಸ್ ಅವರನ್ನು ಕೆಲವೇ ನಿಮಿಷದಲ್ಲಿ ಕೆಡವಿದರು, ಅಮೆರಿಕದ ಬಿಲ್ಲಿ ಜೆರ್ನಿಗನ್ ಅವರನ್ನೂ ಸೋಲಿಸಿದರು. ಇರಾನಿನ ಮನ್ಸೂರ್ ರಯೀಸಿ ಎದುರು ಓಟ ನಿಂತಿತು. ಫ್ಲೈವೇಟ್‌ನಲ್ಲಿ 6ನೇ ಸ್ಥಾನ. ಮ್ಯಾಟು ಬಲ್ಲವರ ನಡುವೆ ಮಣ್ಣಿನಿಂದ ನೇರವಾಗಿ ಬಂದವರಿಗೆ ಇದು ಸಣ್ಣ ಸಾಧನೆಯಲ್ಲ. ಅವರಿಗೆ ಮಾತ್ರ ಸಮಾಧಾನ ಆಗಲಿಲ್ಲ.

ಮುಂದಿನ ಒಲಿಂಪಿಕ್ಸ್‌ಗೆ ನಾಲ್ಕು ವರ್ಷ ಇತ್ತು. ಅಂದರೆ ನಮ್ಮ ಒಂದು ಬಿ.ಇ. ಮುಗಿಯುವಷ್ಟು ಕಾಲ. ಅಷ್ಟರಲ್ಲಿ ಅವರು ಮ್ಯಾಟಿನ ಕುಸ್ತಿಯನ್ನು ಕಲಿತರು, ಮೈ ಬೆಳೆಸಿ 52 ಕೆ.ಜಿ.ಯಿಂದ 57 ಕೆ.ಜಿ. ವಿಭಾಗಕ್ಕೆ ಏರಿದರು. ಆದರೂ 1952ರ ಹೆಲ್ಸಿಂಕಿ ತಂಡದ ಪಟ್ಟಿಯಲ್ಲಿ ಮೊದಲು ಅವರ ಹೆಸರೇ ಇರಲಿಲ್ಲ. ಪಟಿಯಾಲದ ಮಹಾರಾಜರವರೆಗೆ ದೂರು ಒಯ್ದರು. ಮತ್ತೆ ಆಡಿಸಿ ನೋಡಲು ಒಪ್ಪಿದರು. ಕಲ್ಕತ್ತಾದ ನಿರಂಜನ್ ದಾಸ್ ಅವರನ್ನು ಚಿತ್ ಮಾಡಿ ತಮ್ಮ ಜಾಗ ತಾವೇ ಗಳಿಸಿಕೊಂಡರು.

ಜಾಗ ಸಿಕ್ಕಿತು, ದುಡ್ಡು ಸಿಗಬೇಕಲ್ಲ? ಸರ್ಕಾರದ ಬಾಗಿಲಲ್ಲಿ ಅದು ಸುಲಭವಾಗಿ ಹುಟ್ಟಲಿಲ್ಲ. ಊರೂರು ತಿರುಗಿ ಪಟ್ಟಿ ಎತ್ತಿದರು. ಹಳ್ಳಿಯ ಜನ ಕೈಲಾದಷ್ಟು ಕೊಟ್ಟರು. ದೊಡ್ಡ ಮೊತ್ತ ಬಂದದ್ದು ಮಾತ್ರ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ಅವರಿಂದ. ಅವರೇನು ಸಾಹುಕಾರರಲ್ಲ. ತಮ್ಮ ಸ್ವಂತ ಮನೆಯನ್ನು ಅಡ ಇಟ್ಟು 7000 ರೂಪಾಯಿ ತಂದು ಶಿಷ್ಯನ ಕೈಗೆ ಕೊಟ್ಟರು. ಶಿಷ್ಯ ಸೋತು ಬಂದಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು, ಯೋಚನೆ ಮಾಡಿ.

ಹೆಲ್ಸಿಂಕಿಯಲ್ಲಿ ಕೆನಡಾ, ಮೆಕ್ಸಿಕೊ, ಜರ್ಮನಿಯ ಪೈಲ್ವಾನರು ಒಬ್ಬರ ಮೇಲೊಬ್ಬರು ಜಾಧವ್ ಅವರ ಕೈಯಲ್ಲಿ ಸೋತರು. ಆಮೇಲೆ ಎದುರಾದವರು ಜಪಾನಿನ ಶೋಹಾಚಿ ಇಶಿಯಿ. ಇವರ ಕಥೆಯೂ ಕೇಳುವಂಥದ್ದೇ. ಇಶಿಯಿ ಮೂಲತಃ ಜೂಡೊ ಕಲಿತವರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ ಅಲ್ಲಿನ ಶಾಲೆಗಳಲ್ಲಿ ಜೂಡೊ ಕಲಿಸುವುದನ್ನೇ ಅಮೆರಿಕದ ಆಡಳಿತ ನಿಲ್ಲಿಸಿಬಿಟ್ಟಿತ್ತು. ಹಾಗಾಗಿ ಅವರು ಕುಸ್ತಿಗೆ ಬಂದರು. ಒಬ್ಬರು ಮಣ್ಣು ಬಿಟ್ಟು ಮ್ಯಾಟಿಗೆ ಬಂದವರು, ಇನ್ನೊಬ್ಬರು ಜೂಡೊ ಬಿಟ್ಟು ಮ್ಯಾಟಿಗೆ ಬಂದವರು. ಬಹಳ ಹೊತ್ತು ನಡೆದ ಕಾದಾಟದಲ್ಲಿ ಯಾರೂ ಚಿತ್ ಆಗಲಿಲ್ಲ. ತೀರ್ಪು ಇಶಿಯಿ ಕಡೆ ಹೋಯಿತು.

ನಿಯಮದ ಪ್ರಕಾರ ಎರಡು ಕುಸ್ತಿಗಳ ನಡುವೆ ಅರ್ಧ ಗಂಟೆ ವಿಶ್ರಾಂತಿ ಸಿಗಬೇಕಿತ್ತು. ಆದರೆ ಜಾಧವ್ ಅವರನ್ನು ದಣಿದ ಮೈಯಲ್ಲೇ ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೋವ್ ಎದುರು ನಿಲ್ಲಿಸಿದರು. ಇದು ತಪ್ಪು ಅಂತ ಹೇಳಬೇಕಾದ ಭಾರತದ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ಆ ಕುಸ್ತಿಯೂ ಕೈಬಿಟ್ಟಿತು. ಇಶಿಯಿಗೆ ಚಿನ್ನ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಜಾಧವ್‌ಗೆ ಕಂಚು. ಆ ಚಿನ್ನ ಯುದ್ಧದ ನಂತರ ಜಪಾನಿಗೆ ಸಿಕ್ಕ ಮೊದಲ ಒಲಿಂಪಿಕ್ ಚಿನ್ನ. ಈ ಕಂಚು ಸ್ವತಂತ್ರ ಭಾರತದ ಒಬ್ಬ ವ್ಯಕ್ತಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕ. ಅದೇ ಕೂಟದಲ್ಲಿ 62 ಕೆ.ಜಿ. ವಿಭಾಗದಲ್ಲಿ ಕೊಲ್ಹಾಪುರ ಕಡೆಯ ಕೇಶವ್ ಮಾಣಗಾವೆ 4ನೆಯವರಾದರು ಎಂಬುದನ್ನೂ ಮರೆಯಬಾರದು.

ಹಾಕಿ ತಂಡ ಅಲ್ಲೇ ಚಿನ್ನ ಗೆದ್ದಿದ್ದರಿಂದ ದೇಶದ ಗಮನವೆಲ್ಲ ಆ ಕಡೆ ಇತ್ತು. ಕರಾಡದಲ್ಲಿ ಮಾತ್ರ ಹಾಗಲ್ಲ. ಸ್ಟೇಷನ್‌ನಿಂದ ಗೋಳೇಶ್ವರದವರೆಗೆ ನೂರಕ್ಕೂ ಹೆಚ್ಚು ಚಕ್ಕಡಿ ಕಟ್ಟಿ ಮೆರವಣಿಗೆ ಮಾಡಿದರು. ಕಾಲು ಗಂಟೆಯ ದಾರಿ ಸಾಗಲು ಏಳು ಗಂಟೆ ಹಿಡಿಯಿತಂತೆ. ಇಷ್ಟೆಲ್ಲ ಆದ ಮೇಲೆ ಜಾಧವ್ ಮಾಡಿದ ಕೆಲಸ ನಮಗೆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕುಸ್ತಿ ಪಂದ್ಯ ಏರ್ಪಡಿಸಿ, ಬಂದ ದುಡ್ಡಿನಲ್ಲಿ ಪ್ರಿನ್ಸಿಪಾಲರ ಸಾಲ ತೀರಿಸಿ, ಅವರ ಮನೆ ಬಿಡಿಸಿಕೊಟ್ಟರು.

1955ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆದರು. 27 ವರ್ಷ ದುಡಿದು ಅಸಿಸ್ಟೆಂಟ್ ಕಮಿಷನರ್ ಆಗಿ ನಿವೃತ್ತರಾದರು. ಪಿಂಚಣಿಗೂ ಓಡಾಡಬೇಕಾಯಿತು. 1982ರ ದಿಲ್ಲಿ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿ ಹಿಡಿದು ಓಡುವ ಗೌರವ ಸಿಕ್ಕಿತು. ಎರಡು ವರ್ಷದ ನಂತರ, 1984ರ ಆಗಸ್ಟ್ 14ರಂದು, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಹೋಗಿ ಹದಿನೈದು ವರ್ಷ ದಾಟಿದ ಮೇಲೆ. 2010ರಲ್ಲಿ ದಿಲ್ಲಿಯ ಕುಸ್ತಿ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಕುಸ್ತಿಯಲ್ಲಿ ಭಾರತಕ್ಕೆ ಇನ್ನೊಂದು ಒಲಿಂಪಿಕ್ ಪದಕ ಬರಲು ಸುಶೀಲ್ ಕುಮಾರ್ ಅವರ 2008ರ ಕಂಚಿನವರೆಗೆ, ಅಂದರೆ 56 ವರ್ಷ, ಕಾಯಬೇಕಾಯಿತು.

ನಮ್ಮ ಭಾಗದ ಹಳ್ಳಿಗಳಲ್ಲಿ ಗರಡಿ ಇನ್ನೂ ಇವೆ. ಬೆಳಗಿನ ಜಾವ ಸಾಮು ಮಾಡಿ ಕ್ಲಾಸಿಗೆ ಬರುವ ಗೆಳೆಯರೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕಸುವಿಗೆ ಕೊರತೆ ಇಲ್ಲ. ಖಾಶಾಬಾ ಅವರಿಗೂ 1948ರಲ್ಲಿ ಕಸುವು ಇತ್ತು, ಇಲ್ಲದ್ದು ಮ್ಯಾಟು. 1952ರಲ್ಲಿ ಮ್ಯಾಟು ಗೊತ್ತಿತ್ತು, ಆದರೆ ಪರವಾಗಿ ನಿಂತು ನಿಯಮ ಕೇಳುವ ಒಬ್ಬ ಮನುಷ್ಯ ಇರಲಿಲ್ಲ. ಇವೆರಡೂ ಪೈಲ್ವಾನ ಒಬ್ಬನೇ ಹೊಂದಿಸಿಕೊಳ್ಳುವ ವಸ್ತುಗಳಲ್ಲ, ಸುತ್ತಲಿನವರು ಒದಗಿಸಬೇಕಾದವು. ಮುಂದಿನ ಸಲ ನಮ್ಮ ಹಾಸ್ಟೆಲಿನ ಯಾವನಾದರೂ ಪೈಲ್ವಾನ ಯೂನಿವರ್ಸಿಟಿ ಪಂದ್ಯಕ್ಕೆ ಹೊರಟರೆ ಅವನ ಜೊತೆ ನಾವೂ ನಾಲ್ಕು ಜನ ಹೋಗೋಣ. ಕೂಗಲಿಕ್ಕೆ ಅಷ್ಟೇ ಅಲ್ಲ, ನಿಯಮದ ಪುಸ್ತಕ ಓದಿಕೊಂಡು.