ಓಟಿನ ಜೊತೆ ಒಂದು ರೂಪಾಯಿಯನ್ನೂ ಕೇಳಿದ ಗೋಪಾಲಗೌಡರು

ಓಟು ಕೇಳೋಕೆ ಬಂದವರು ಏನಾದರೂ ಕೊಡಬೇಕು, ಮನೆಯವರು ತಗೋಬೇಕು. ಸೀರೆ, ಕುಕ್ಕರ್, ಏನೂ ಇಲ್ಲ ಅಂದ್ರೆ ಒಂದು ಭರವಸೆ. ಚುನಾವಣೆ ಅಂದರೆ ಇಷ್ಟೇ ಅನ್ನೋ ಲೆಕ್ಕ ನಮ್ಮ ತಲೇಲಿ ಗಟ್ಟಿಯಾಗಿ ಕೂತಿದೆ. ಆದರೆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಒಬ್ಬರು ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದರು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರಕ್ಕೆ ಸೋಷಲಿಸ್ಟ್ ಪಕ್ಷದಿಂದ ನಿಂತಿದ್ದ ಶಾಂತವೇರಿ ಗೋಪಾಲಗೌಡರು ಜನರ ಹತ್ತಿರ ಒಂದು ಓಟು ಕೇಳಿದರು, ಜೊತೆಗೆ ಒಂದು ರೂಪಾಯಿ ನೋಟನ್ನೂ ಕೇಳಿದರು. ಜನ ಎರಡನ್ನೂ ಕೊಟ್ಟರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇದನ್ನು ಸಾಮಾನ್ಯವಾಗಿ ಪ್ರಾಮಾಣಿಕ ರಾಜಕಾರಣಿಯೊಬ್ಬರ ಕಥೆ ಅಂತ ಹೇಳ್ತಾರೆ. ಜಯನಗರದಲ್ಲಿ ಕಾರ್ಯಕರ್ತನಾಗಿ ಮನೆ ಮನೆ ತಿರುಗಿದ ಮೇಲೆ ನನಗೆ ಅದು ಬೇರೆ ಥರ ಕಾಣುತ್ತಿದೆ. ಗೌಡರು ಯಾಕೆ ಕೇಳಿದರು ಅನ್ನೋದಕ್ಕಿಂತ ಜನ ಯಾಕೆ ಕೊಟ್ಟರು ಅನ್ನೋದು ದೊಡ್ಡ ಪ್ರಶ್ನೆ.

ಕೊಳಗದ ಜಗಳ

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ಬಡ ಕುಟುಂಬ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಶಿವಮೊಗ್ಗದ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪಕ್ಷಕ್ಕೆ ಹೋಗಲಿಲ್ಲ, ಸಮಾಜವಾದಿಗಳ ಜೊತೆ ನಿಂತರು.

ಆಗ ಮಲೆನಾಡಿನ ಗೇಣಿದಾರರ ಪಾಡು ಹೇಗಿತ್ತು ಅಂದ್ರೆ, ಉಳುವವನು ಒಬ್ಬ, ಭೂಮಿ ಇನ್ನೊಬ್ಬನದು. ಗೇಣಿ ಭತ್ತ ಅಳೆಯೋ ಕೊಳಗ ಕೂಡ ಒಡೆಯನದೇ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದಿತ್ತು. ಸರಿಯಾದ ಅಳತೆ ಬೇಕು ಅಂತ ಕೇಳಿದ ದೀವರ ಗೇಣಿದಾರರಿಗೆ ಗದ್ದೆಯೇ ಕೈತಪ್ಪಿತು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಅವರನ್ನು ಒಟ್ಟುಗೂಡಿಸಿದ್ದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಂಡ ತಂಡವಾಗಿ ಹೋಗಿ ಗದ್ದೆಗಿಳಿಯೋದು, ಉಳೋದು, ಬಂಧನಕ್ಕೊಳಗಾಗೋದು. ಗೋಪಾಲಗೌಡರು ಆ ಹೋರಾಟದ ಮುಂಚೂಣಿಯಲ್ಲಿದ್ದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದ ಮೇಲೆ ಕಾಗೋಡು ದೇಶಕ್ಕೆಲ್ಲ ಗೊತ್ತಾಯಿತು.

ಗೌಡರು ಒಕ್ಕಲಿಗರು, ಗೇಣಿದಾರರು ದೀವರು. ಜಾತಿ ನೋಡಿ ಟಿಕೆಟ್ ಹಂಚೋ ಈ ಕಾಲದಲ್ಲಿ ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಇದಾಗಿ ಕೆಲವೇ ತಿಂಗಳಿಗೆ ಚುನಾವಣೆ. ಹೆಚ್ಚಿನವರಿಗೆ ಅದು ಬದುಕಿನ ಮೊದಲ ಓಟು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ. ಚೀಟಿಗೆ ಮುದ್ರೆ ಒತ್ತೋ ಕೆಲಸ ಇಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗೀತು. ಪ್ರಚಾರಕ್ಕೆ ಹೋದವರು ಮೊದಲು ಓಟು ಹಾಕೋದು ಹೇಗೆ ಅಂತ ಹೇಳಿಕೊಟ್ಟು, ಆಮೇಲೆ ಯಾರಿಗೆ ಅಂತ ಹೇಳಬೇಕಿತ್ತು. ಅದರ ಮೇಲೆ ಒಂದು ರೂಪಾಯಿ ಬೇರೆ. ಕೂಲಿ ಮಾಡೋರ ಮನೆಯಲ್ಲಿ ಆಗ ಅದು ಸಣ್ಣ ಮೊತ್ತವಲ್ಲ. ಆದರೂ ಗೌಡರು ಗೆದ್ದರು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಗೆದ್ದಿತ್ತು, ಸೋಷಲಿಸ್ಟರಿಗೆ ಸಿಕ್ಕಿದ್ದು ಮೂರೇ. ಅದರಲ್ಲಿ ಇದೊಂದು.

ಜಯನಗರದ ಗೇಟುಗಳು

2023ರ ಮೇ ತಿಂಗಳ ಬಿಸಿಲಲ್ಲಿ ಜಯನಗರ 9ನೇ ಬ್ಲಾಕು, ಜೆಪಿ ನಗರದ ಕಡೆಯ ಅಪಾರ್ಟ್‌ಮೆಂಟುಗಳನ್ನು ಸುತ್ತಿದವನಿಗೆ ಈ ಗೆಲುವು ನಂಬೋಕೆ ಕಷ್ಟ. ಕೈಯಲ್ಲಿ ಪಾಂಪ್ಲೆಟ್, ಮೊಬೈಲಲ್ಲಿ ವೋಟರ್ ಲಿಸ್ಟ್. ಗೇಟಲ್ಲೇ ಸೆಕ್ಯೂರಿಟಿಯವರು ಅಸೋಸಿಯೇಷನ್ ಪರ್ಮಿಷನ್ ಕೇಳ್ತಾರೆ. ಒಳಗೆ ಬಿಟ್ಟರೂ ಅರ್ಧ ಬಾಗಿಲು ತೆರೆಯಲ್ಲ. ಬಾಡಿಗೆಗಿರೋ ಹುಡುಗರ ಹೆಸರು ಪಟ್ಟಿಯಲ್ಲಿಲ್ಲ, ತೀರಿಹೋದ ಅಜ್ಜನ ಹೆಸರು ಇದೆ. ತೆರೆದ ಬಾಗಿಲುಗಳಲ್ಲಿ ನನಗೆ ಹೆಚ್ಚು ಎದುರಾದ ಪ್ರಶ್ನೆ ಒಂದೇ: ಇಷ್ಟು ದಿನ ಎಲ್ಲಿದ್ರಿ ಅನ್ನೋದು.

ಆ ಚುನಾವಣೆ ಕೊನೆಗೆ ಎಲ್ಲಿಗೆ ಬಂತು ಅಂತ ನಿಮಗೂ ನೆನಪಿರಬಹುದು. ಮೇ 13ರ ರಾತ್ರಿವರೆಗೆ ಮರುಎಣಿಕೆ ನಡೆದು, ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಎದುರು 16 ಮತಗಳಿಂದ ಗೆದ್ದರು. ಹದಿನಾರು! ಒಂದು ಅಪಾರ್ಟ್‌ಮೆಂಟಿನ ಒಂದು ಫ್ಲೋರು. ಯಾವ ಪಕ್ಷದ ಕಾರ್ಯಕರ್ತನೇ ಆಗಲಿ, ತಾನು ಬಿಟ್ಟುಬಂದ ಬಾಗಿಲುಗಳನ್ನು ಆವತ್ತು ಎಣಿಸಿರ್ತಾನೆ.

ಇಷ್ಟು ದಿನ ಎಲ್ಲಿದ್ರಿ ಅನ್ನೋ ಪ್ರಶ್ನೆಗೆ ಗೋಪಾಲಗೌಡರ ಹತ್ತಿರ ಉತ್ತರ ಇತ್ತು. ಗದ್ದೆಯಲ್ಲಿದ್ದೆ, ಜೈಲಲ್ಲಿದ್ದೆ ಅಂತ ಅವರು ಹೇಳಬೇಕಾಗಿಯೂ ಇರಲಿಲ್ಲ, ಜನ ನೋಡಿದ್ದರು. ಹಾಗಾಗಿ ಆ ಒಂದು ರೂಪಾಯಿ ದಾನವಲ್ಲ, ಅದಾಗಲೇ ನಡೀತಿದ್ದ ಜಗಳಕ್ಕೆ ಜನ ಹಾಕಿದ ಪಾಲು. ಪಾಲು ಹಾಕಿದವರಿಗೆ ಲೆಕ್ಕ ಕೇಳೋ ಹಕ್ಕಿರುತ್ತೆ. ಕುಕ್ಕರ್ ತಗೊಂಡವರಿಗೆ ಆ ಹಕ್ಕು ಅಲ್ಲೇ ಮುಗಿದಿರುತ್ತೆ. ಇವತ್ತು ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ. ಆ ದುಡ್ಡು ಎಲ್ಲಿಂದ ಬಂತೋ, ಗೆದ್ದ ಮೇಲೆ ಲೆಕ್ಕವೂ ಅಲ್ಲಿಗೇ ಹೋಗುತ್ತೆ.

ಸೋಲು ಮತ್ತು ಉಳಿದದ್ದು

ಇದೇನು ಸದಾ ಗೆಲ್ಲೋ ಮಂತ್ರ ಆಗಿರಲಿಲ್ಲ. 1957ರಲ್ಲಿ ಗೌಡರು ಸೋತರು. ಸಮಾಜವಾದಿಗಳು ಪದೇ ಪದೇ ಒಡೆದರು. ಅವರು ಪಕ್ಷಾಂತರ ಮಾಡಿ ಮಂತ್ರಿಯಾಗಲಿಲ್ಲ. 1962 ಮತ್ತು 1967ರಲ್ಲಿ ಮತ್ತೆ ಗೆದ್ದು, ವಿರೋಧ ಪಕ್ಷದ ಬೆಂಚಿನಿಂದಲೇ ಗೇಣಿದಾರರ ಭೂಮಿ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರಿನ ಪರವಾಗಿ ವಾದಿಸಿದರು. ಅವರ ಸುತ್ತ ಬೆಳೆದ ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ ಮುಂದೆ ಮುಖ್ಯಮಂತ್ರಿಗಳಾದರು. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಓದುಗರು ಗೌಡರನ್ನೇ ಕಂಡರು.

ದೀರ್ಘ ಅನಾರೋಗ್ಯದ ನಂತರ 1972ರ ಜೂನ್ 9ರಂದು ಅವರು ತೀರಿಕೊಂಡಾಗ ವಯಸ್ಸು 49. ಆಸ್ತಿ ಮಾಡಿರಲಿಲ್ಲ. ಮರುವರ್ಷ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕ ಆಯಿತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರಿಗೆ ತಾವು ಉಳೋ ಭೂಮಿಯ ಒಡೆತನದ ದಾರಿ ತೆರೆಯಿತು. ಎರಡನ್ನೂ ನೋಡೋಕೆ ಗೌಡರು ಇರಲಿಲ್ಲ.

ನಮ್ಮ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಪಾಲಿಕೆ ಚುನಾವಣೆಯೇ ನಡೆಯಲಿಲ್ಲ. ಆ ವರ್ಷಗಳಲ್ಲೂ ಮೋರಿ ಕಟ್ಟಿಕೊಂಡಿತು, ಕಸದ ಗಾಡಿ ತಪ್ಪಿತು, ಬಾಡಿಗೆದಾರರ ಹೆಸರು ಪಟ್ಟಿಯಿಂದ ಹೊರಗೇ ಉಳೀತು. ಇವೇ ನಮ್ಮ ಬೀದಿಯ ಕೊಳಗಗಳು. ಯಾವ ಪಕ್ಷಕ್ಕೆ ದುಡಿಯೋರೇ ಆಗಿರಿ, ಪ್ರಚಾರದ ಪಟ್ಟಿ ಕೈಗೆ ಬರೋವರೆಗೆ ಕಾಯಬೇಡಿ. ನಿಮ್ಮ ಬೀದಿಯಲ್ಲಿ ಹೆಸರಿಲ್ಲದವರಿಗೆ ಈಗಲೇ ಫಾರ್ಮ್ 6 ತುಂಬಿಸಿ, ಮೋರಿ ವಿಷಯಕ್ಕೆ ವಾರ್ಡ್ ಆಫೀಸಿಗೆ ಅವರ ಜೊತೆಗೇ ಹೋಗಿ. ಚುನಾವಣೆ ಬಂದಾಗ ಅದೇ ಬಾಗಿಲು ತಟ್ಟಿ, ಓಟು ಕೇಳಿ. ಧೈರ್ಯ ಇದ್ದರೆ ಒಂದು ನೋಟನ್ನೂ ಕೇಳಿ ನೋಡಿ.